ಕೊಡಿಗೇನಹಳ್ಳಿಯ ಹೊಗೆಯ ದರ

“ನಾನು ಹೇಳೋದ್ರಲ್ಲಿ ಒಂದು ಮಾತು ಸುಳ್ಳಾದ್ರೂ, ಇವತ್ತು ಮಧುಗಿರಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದ್ಬುಡ್ಲಿ” ಎಂದು ನಾನು ಸಂಜೀವಯ್ಯನಿಗೆ ಆಣೆಯಿಟ್ಟು ಹೇಳಿದೆ. ಇದ್ದಿಲಿನಲ್ಲಿ ಓಡುವ ಆ ಬಸ್ಸಿನ ಮೇಲೆ ಇಟ್ಟ ಆಣೆಗಿಂತ ಗಟ್ಟಿಯಾದದ್ದು ನಮ್ಮ ಕೊಡಿಗೇನಹಳ್ಳಿಯಲ್ಲಿ ಬೇರೆ ಇರಲಿಲ್ಲ.

ಸಂಜೀವಯ್ಯ ತಾವರೆಕೆರೆಯ ಕಡೆಯವನು. ಅತ್ತೆಮನೆಯ ಹೊಲ ನೋಡಿಕೊಳ್ಳಲು ನಮ್ಮೂರಿಗೆ ಬಂದು ಆರು ತಿಂಗಳಾಗಿತ್ತು. ಯುದ್ಧ ಮುಗಿದು ವರ್ಷ ಕಳೆದಿತ್ತು, ಎಣ್ಣೆಯ ದರ ಏರುತ್ತಿತ್ತು. ಖಾಲಿ ಗೋಣಿಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿಂದೂಪುರದಿಂದ ಕಡಲೆಕಾಯಿ ಬೀಜ ತಂದು ನಾಲ್ಕು ಎಕರೆಗೂ ಅದನ್ನೇ ಹಾಕಿಬಿಡುತ್ತೇನೆಂದು ಬೆಳಿಗ್ಗೆಯೇ ಹೊರಟಿದ್ದ. ಅವನನ್ನು ಹಿಡಿದು ಚನ್ನಮಲ್ಲಯ್ಯನವರ ಅಂಗಡಿಯ ಜಗಲಿಯ ಮೇಲೆ ಕೂರಿಸಿದೆ. ನಮ್ಮ ಬೆನ್ನ ಹಿಂದೆ ಒಂದು ಕಪ್ಪು ಹಲಗೆ ತೂಗುತ್ತಿತ್ತು. ನಾನು ಹೇಳಿದ್ದು ಆ ಹಲಗೆಯ ವಿಷಯ.

ಚನ್ನಮಲ್ಲಯ್ಯನವರು ಧಾನ್ಯದ ವ್ಯಾಪಾರಿ. ಲಂಡನ್ನಿನ ಸೋಪಿನ ಕಾರ್ಖಾನೆಯವನು ಸೀನಿದರೆ ಇವರು ಇಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಅಮೆರಿಕದ ಗೋಧಿ ಹೊಲದ ಮೇಲೆ ಮೋಡ ಕಟ್ಟಿತೆಂದು ಪತ್ರಿಕೆಯಲ್ಲಿ ಓದಿದರೆ ಸಾಕು, ಅವರ ಹೆಂಡತಿ ದಾಕ್ಷಾಯಣಮ್ಮನವರು ಅಂಗಳದಲ್ಲಿ ಒಣಹಾಕಿದ ಹಪ್ಪಳ ಎತ್ತಿ ಒಳಗಿಡುತ್ತಿದ್ದರು. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಓದಿ ಅವರು ದಿನವೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದರ ಬರೆಯುತ್ತಿದ್ದರು: ರಂಗೂನು ಅಕ್ಕಿ, ಬೊಂಬಾಯಿ ಕಡಲೆಕಾಯಿ, ಹಿಂದೂಪುರದ ಎಣ್ಣೆ. ಪಾವಗಡದ ಕಡೆಯ ಗಾಡಿಗಳೂ ನಿಂತು ನೋಡಿಕೊಂಡು ಹೋಗುತ್ತಿದ್ದವು. ಆ ಹಲಗೆಯ ಮೇಲೆ ಒಂದು ಕಾಸಿನಷ್ಟು ತಪ್ಪು ಯಾರೂ ಕಂಡವರಿಲ್ಲ. ಅದೇ ಅವರ ಹೆಮ್ಮೆ.

“ರಾಗಿ ಬೆಳ್ದು ಏನ್ ಬಾಚ್ಕೊಂಡ್ರಿ?” ಎಂದು ಯುದ್ಧ ನಡೆಯುತ್ತಿದ್ದಾಗ ಒಂದು ವರ್ಷ ಅವರು ಊರಿಗೆ ಹೇಳಿದರು. “ಕಡ್ಲೇಕಾಯಿ ಹಾಕಿ. ಸೀಮೆಯೋರು ಸೋಪು ಮಾಡಕ್ಕೆ ಕೊಳ್ತಾರೆ. ಆ ದುಡ್ಡಲ್ಲಿ ರಂಗೂನು ಅಕ್ಕಿ ಉಣ್ಣಿ. ಮುದ್ದೆ ತಿರುವೋ ಕಷ್ಟಾನೂ ತಪ್ತದೆ.”

ಊರು ಕೇಳಿತು. ಅರವತ್ತನಾಲ್ಕು ಮನೆಯವರೂ ಹೊಲದ ಅಂಚಿನವರೆಗೆ ಕಡಲೆಕಾಯಿ ಹಾಕಿದರು. ಹಗೇವಿನಲ್ಲಿದ್ದ ಹಳೆಯ ರಾಗಿಯನ್ನೂ ಮಾರಿದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ಹತ್ತು ವರ್ಷವಾದರೂ ಹಾಳಾಗದೆ ಇರುತ್ತದೆ. ಮಾರಿದವರ ರಾಗಿಯನ್ನೆಲ್ಲ ಚನ್ನಮಲ್ಲಯ್ಯನವರೇ ಕೊಂಡು ತಮ್ಮ ಹಿತ್ತಲಿನ ಹಗೇವಿಗೆ ಸುರಿದರು.

ಆಮೇಲೆ ಜಪಾನಿನವರು ರಂಗೂನಿಗೆ ನುಗ್ಗಿದರು. ಅಕ್ಕಿಯ ಹಡಗು ನಿಂತಿತು. ಹಲಗೆಯ ಮೊದಲ ಸಾಲಿನಲ್ಲಿ ‘ಇಲ್ಲ’ ಎಂದು ಬರೆದದ್ದು ಮರುವರ್ಷದ ಆಷಾಢ ಬಂದರೂ ಅಳಿಯಲಿಲ್ಲ. ಊರಿನವರ ಹತ್ತಿರ ಕಡಲೆಕಾಯಿ ಮಾರಿದ ನೋಟುಗಳಿದ್ದವು, ಕೊಳ್ಳಲು ಕಾಳಿರಲಿಲ್ಲ. ರಾಗಿ ಕೇಳಲು ಬಂದವರಿಗೆ ಚನ್ನಮಲ್ಲಯ್ಯನವರು, “ನಾನು ಹೇಳಿದ ದರ ಇನ್ನೂ ಬಂದಿಲ್ಲ, ತಡೀರಿ” ಎನ್ನುತ್ತಿದ್ದರು.

ಆಗ ಬಂದವಳು ಓಬಳಮ್ಮ. ದಿನವೂ ಬೆಳಕು ಹರಿಯುವಾಗ ಊರ ಹಿಂದಿನ ಬಂಡೆಗುಡ್ಡದ ಮೇಲೆ ಮೇಕೆ ಹೊಡೆದುಕೊಂಡು ಹೋಗುವವಳು. ಅಲ್ಲಿಂದ ಊರಿನ ಎಲ್ಲ ಸೂರುಗಳೂ ಕಾಣುತ್ತವೆ. ಅವಳು ನೇರವಾಗಿ ಜಗಲಿಗೆ ಬಂದು ಕೋಲನ್ನು ಹಲಗೆಯ ಕೆಳಗಂಚಿಗೆ ತಾಗಿಸಿದಳು.

“ಸಾವ್ಕಾರ್ರೆ, ಇಲ್ಲಿ ಒಂದು ಸಾಲು ಜಾಗ ಐತೆ. ನಂದೊಂದು ದರ ಬರೀರಿ.”

“ನಿಂದೇನಮ್ಮ ದರ? ಮೇಕೆದಾ?”

“ಹೊಗೇದು. ಇವತ್ತು ಬೆಳಿಗ್ಗೆ ಐವತ್ತೇಳು ಮನೆ ಮೇಲೆ ಹೊಗೆ ಬಂತು. ಹೋದ ವಾರ ಅರವತ್ತೊಂದು ಇತ್ತು.”

ಚನ್ನಮಲ್ಲಯ್ಯನವರು ನಕ್ಕರು. “ಹೊಗೆ ಯಾರು ಕೊಳ್ತಾರಮ್ಮ?”

“ಯಾರೂ ಕೊಳ್ಳಲ್ಲ. ಅದ್ಕೇ ಯಾರೂ ಬರ್ದಿಲ್ಲ. ನೀವು ರಂಗೂನು ಕಾಣ್ದೇ ಬರೀತೀರಿ, ನಾನು ಕಂಡು ಬಂದಿವ್ನಿ.”

ಕಂಡು ಬಂದ ಲೆಕ್ಕ ಎಂದಮೇಲೆ ಅವರಿಗೆ ಬೇಡವೆನ್ನಲು ಆಗಲಿಲ್ಲ. ಹಿಂದೂಪುರದ ಎಣ್ಣೆಯ ಕೆಳಗೆ ‘ಕೊಡಿಗೇನಹಳ್ಳಿ ಹೊಗೆ: 57’ ಎಂದು ಬರೆದರು. ಎರಡು ದಿನ ಕಳೆದು ಹಿಂದೂಪುರದ ದಳ್ಳಾಳಿಯೊಬ್ಬ ಬಂದು ಅದನ್ನು ನೋಡಿ, “ಇದೇಂ ಸರುಕು ಸ್ವಾಮಿ? ಮೂಟೆಗೆಷ್ಟು?” ಎಂದು ತೆಲುಗು ಬೆರೆಸಿಕೊಂಡು ವಿಚಾರಿಸಿ ಹೋದ.

ಓಬಳಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಐವತ್ನಾಲ್ಕು. ಐವತ್ತು. ನಲವತ್ತಾರು. ಹೇಳಿದ ಮೇಲೆ ಹಗೇವಿನ ಕಡೆಗೊಮ್ಮೆ ನೋಡುತ್ತಿದ್ದಳು.

“ಯಾಕಮ್ಮ ಅಂಗೆ ನೋಡ್ತೀಯಾ? ನಾನೇನು ಕದ್ದು ತುಂಬ್ಸಿದ್ನಾ?” ಎಂದು ಒಮ್ಮೆ ಚನ್ನಮಲ್ಲಯ್ಯನವರೇ ಕೆರಳಿದರು. “ಅವ್ರೇ ಮಾರಿದ್ರು, ನಾನು ಕೊಂಡೆ. ಈಗ್ಲೇ ಹಗೇವಿನ ಬಾಯಿ ತೆಗುದ್ರೆ ಎರಡೇ ತಿಂಗ್ಳಿಗೆ ಖಾಲಿ. ಆಮೇಲೆ ಕಾರ್ತೀಕದ ಕುಯ್ಲಿನ ಗಂಟ ಏನ್ ಮಾಡ್ತೀರಿ? ಇವತ್ತು ಹಿಡ್ಕೊಂಡವನೇ ನಾಳೆಗೆ ಉಳ್ಸೋನು.”

“ನಿಮ್ಮ ಮಾತೂ ಸುಳ್ಳಲ್ಲ. ಆದ್ರೆ ಸಾವ್ಕಾರ್ರೆ, ನೀವು ಕಾಯ್ತಿರೋದು ಕಾರ್ತೀಕಾನೋ, ದರಾನೋ?”

ಅವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ.

ಆಮೇಲೆ ಒಂದು ವಿಚಿತ್ರ ನಡೆಯಿತು. ಹೊಗೆ ಏರತೊಡಗಿತು. ನಲವತ್ತಾರು ಇದ್ದದ್ದು ಐವತ್ತೈದಾಯಿತು, ಮರುದಿನ ಅರವತ್ತು. ಯಾವ ಹೊಲದಲ್ಲೂ ಒಂದು ತೆನೆಯಿಲ್ಲ, ಯಾವ ಗಾಡಿಯೂ ಊರಿಗೆ ಬಂದಿಲ್ಲ. ಚನ್ನಮಲ್ಲಯ್ಯನವರು ಹಿಗ್ಗಿ ಅರವತ್ತನ್ನು ದಪ್ಪಕ್ಷರದಲ್ಲಿ ಬರೆದರು.

“ನೋಡ್ದಾ? ಎಲ್ಲ ಬಚ್ಚಿಟ್ಟಿದ್ರು. ಈಗ ಹೊರಗೆ ಬರ್ತಾ ಐತೆ.”

ಓಬಳಮ್ಮ ನಗಲಿಲ್ಲ. “ನಾನೇ ಎಣಿಸಿದ್ದು. ಆದ್ರೂ ಹೇಳ್ತೀನಿ, ಈ ದರ ಸುಳ್ಳು.”

“ಏನಂದೆ?”

“ನಿಮ್ಮ ಹಲಗೆ ಮೇಲೆ ಸುಳ್ಳು ದರ ಐತೆ ಅಂದೆ. ಬೇಕಾದ್ರೆ ನೋಡ್ಕೊಂಡು ಬರ್ರಿ. ದೂರ ಹೋಗ್ಬೇಕಾಗಿಲ್ಲ. ನಿಮ್ಮ ಪಕ್ಕದ ಗೋಡೆ ಆಚೆ.”

ಕಳ್ಳ ಎಂದಿದ್ದರೂ ಅವರು ತಡೆದುಕೊಳ್ಳುತ್ತಿದ್ದರು. ಹಲಗೆ ಸುಳ್ಳು ಎಂದದ್ದನ್ನು ತಡೆಯಲಾಗಲಿಲ್ಲ. ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಪಕ್ಕದ ಪುಟ್ಟಕ್ಕನ ಮನೆಗೆ ಹೊರಟರು. ಸಾಕ್ಷಿಗೆ ನಾನೂ ಹೋದೆ.

ಪುಟ್ಟಕ್ಕ ಒಲೆಯ ಮುಂದಿದ್ದಳು. ಕಾಲ ಸದ್ದು ಕೇಳಿದ್ದೇ ಮುದ್ದೆ ಕೋಲು ಎತ್ತಿಕೊಂಡು ಮಡಕೆಯೊಳಗೆ ಗರಗರ ತಿರುವತೊಡಗಿದಳು. ಒಲೆಯಲ್ಲಿ ಬೆರಣಿ ಧಗಧಗ ಉರಿಯುತ್ತಿತ್ತು, ಹೊಗೆ ಸೂರು ತುಂಬಿತ್ತು. ಮೂಲೆಯಲ್ಲಿ ಅವಳ ಎರಡು ಹೆಣ್ಣುಮಕ್ಕಳು ಅಲುಗಾಡದೆ ಕೂತಿದ್ದವು. ಒಲೆ ಉರಿಯುವಾಗ ಮಕ್ಕಳು ಒಲೆಯ ಹತ್ತಿರ ಇರುತ್ತವೆ. ಇವು ಗೋಡೆಯ ಹತ್ತಿರ ಇದ್ದವು.

“ಏನ್ ಮಾಡ್ತಿದ್ದೀ, ಪುಟ್ಟಕ್ಕ?”

“ಮುದ್ದೆ, ಸಾವ್ಕಾರ್ರೆ.”

ಚನ್ನಮಲ್ಲಯ್ಯನವರು ಬಗ್ಗಿ ನೋಡಿದರು. ಮಡಕೆಯಲ್ಲಿ ನೀರು ಕುದಿಯುತ್ತಿತ್ತು. ಬರಿ ನೀರು. ತಳದ ಮಸಿಯವರೆಗೆ ಕಾಣುತ್ತಿತ್ತು.

ಪುಟ್ಟಕ್ಕ ಕೋಲು ನಿಲ್ಲಿಸಿದಳು. “ಹಲಗೆ ಮೇಲೆ ಕಮ್ಮಿ ಆಯ್ತು, ಕಮ್ಮಿ ಆಯ್ತು ಅಂತ ಗಾಡಿಯೋರೆಲ್ಲ ಓದ್ತಿದ್ರು. ಆ ಕಮ್ಮಿ ಆಗಿರೋ ಮನೆ ಯಾವ್ದು ಅಂತ ತಲೆ ಎತ್ತಿ ನೋಡ್ತಿದ್ರು. ನಾಚ್ಕೆ ಆಯ್ತು. ಬೆರಣಿ ಐತಲ್ಲ, ಹಚ್ಬುಟ್ಟೆ.” ಕೋಲನ್ನು ಗೋಡೆಗೆ ಒರಗಿಸಿ, “ನಾನೊಬ್ಳೇ ಅಲ್ಲ” ಎಂದಳು.

ಮೂಡಲಗಿರಿಯಪ್ಪನ ಮನೆಗೂ ಹೋದೆವು, ಜಯಕ್ಕನ ಮನೆಗೂ ಹೋದೆವು. ಒಲೆಗಳಿದ್ದವು, ಮಡಕೆಗಳಿದ್ದವು, ನೀರಿತ್ತು. ಐದನೆಯ ಮನೆಯ ಬಾಗಿಲಿನಿಂದಲೇ ಚನ್ನಮಲ್ಲಯ್ಯನವರು ಹಿಂದಿರುಗಿದರು. ಹಲಗೆಯ ಮುಂದೆ ನಿಂತು ಅರವತ್ತನ್ನು ಅಂಗೈಯಲ್ಲಿ ಒರೆಸಿದರು. ಲಂಡನ್ನು, ಬೊಂಬಾಯಿ ಎಲ್ಲ ಬಲ್ಲ ಆ ಕೈ ಸುಣ್ಣ ಹಿಡಿದು ಸುಮ್ಮನೆ ನಿಂತಿತ್ತು.

“ಬೊಮ್ಮಣ್ಣನ್ನ ಕರೀರಿ” ಎಂದರು.

ಬೊಮ್ಮಣ್ಣ ಹಗೇವಿಗೆ ಇಳಿಯುವವನು. ಅವನು ಮಣ್ಣು ಕೆತ್ತಿ, ಚಪ್ಪಡಿ ಸರಿಸಿ, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಬಿಟ್ಟ. ಮೊಳದಷ್ಟು ಇಳಿಯುವುದರಲ್ಲಿ ದೀಪ ನಂದಿತು.

“ಕೆಟ್ಟ ಗಾಳಿ ತುಂಬ್ಕೊಂಡೈತೆ. ಇವತ್ತು ಆಗಲ್ಲ. ಬಾಯಿ ತೆಗ್ದು ಬುಡಿ, ನಾಳೆ ನೋಡನ” ಎಂದ.

“ನಾನೇ ಇಳೀತೀನಿ, ಬುಡ್ಲಾ ಹಗ್ಗ!”

“ದೀಪಾನೇ ಬದುಕ್ಲಿಲ್ಲ, ನೀವೇನ್ ಬದುಕ್ತೀರಿ? ಇಷ್ಟು ದಿನ ಕಾದೋರು ಇನ್ನೊಂದು ದಿನ ಕಾಯ್ರಿ, ಸಾವ್ಕಾರ್ರೆ” ಎಂದು ಬೊಮ್ಮಣ್ಣ ಅವರ ತೋಳು ಹಿಡಿದು ಕೂರಿಸಿದ.

ಆ ದಿನ ದಾಕ್ಷಾಯಣಮ್ಮನವರು ಮನೆಯಲ್ಲಿದ್ದ ರಾಗಿಹಿಟ್ಟನ್ನೆಲ್ಲ ಗಂಜಿ ಕಾಯಿಸಿ ಬೀದಿಗೆ ಹಂಚಿದರು. ಗಂಡನಿಗೂ ಅದೇ ಸರದಿಯಲ್ಲಿ ಒಂದು ಬಟ್ಟಲು ಕೊಟ್ಟರು. “ಇಷ್ಟೇ. ಪುಟ್ಟಕ್ಕನಿಗೆ ಎಷ್ಟೋ ನಿಮಗೂ ಅಷ್ಟೇ” ಎಂದರು. ಅವರು ಬೀದಿಯ ಸಾಲಿನಲ್ಲೇ ಕೂತು ಕುಡಿದರು.

ಮರುದಿನ ಬೆಳಿಗ್ಗೆ ದೀಪ ತಳದವರೆಗೂ ಉರಿದುಕೊಂಡೇ ಇಳಿಯಿತು. ಬೊಮ್ಮಣ್ಣ ಮೊದಲ ಮಂಕರಿ ರಾಗಿ ಮೇಲೆ ಕಳಿಸುವ ಹೊತ್ತಿಗೆ ಬಸ್ಸೂ ಬಂತು, ಹಿಂದೂಪುರದ ದಳ್ಳಾಳಿಯ ನಾಲ್ಕು ಖಾಲಿ ಗಾಡಿಗಳೂ ಬಂದವು. ಪತ್ರಿಕೆ ಬಿಡಿಸಿದರೆ, ರಾಗಿಗೆ ಚನ್ನಮಲ್ಲಯ್ಯನವರು ವರ್ಷದ ಹಿಂದೆ ಹೇಳಿದ್ದ ದರವೇ ಬಂದಿತ್ತು. ಕಾಸು ಹೆಚ್ಚಿಲ್ಲ, ಕಾಸು ಕಡಿಮೆಯಿಲ್ಲ. ಅವರು ಎದ್ದು ಹೋಗಿ ಹಲಗೆಯ ಮೇಲೆ ಅದನ್ನು ಸ್ಫುಟವಾಗಿ ಬರೆದರು. ಲೆಕ್ಕ ಸರಿಯಾದ ಸಂತೋಷ ಮುಖದ ಮೇಲೆ ಒಂದು ಗಳಿಗೆ ಇತ್ತು, ನಾನು ಸುಳ್ಳು ಹೇಳುವುದಿಲ್ಲ.

“ದರ ವಚ್ಚಿಂದಿ ಕದಾ ಸ್ವಾಮಿ! ಗಾಡಿ ತುಂಬಿಸ್ಲಾ?” ಎಂದ ದಳ್ಳಾಳಿ.

“ದರ ಬಂತು. ಮಾಲಿಲ್ಲ” ಎಂದರು ಚನ್ನಮಲ್ಲಯ್ಯನವರು. “ಅಲ್ಲಿ ಕಾಣ್ತೈತಲ್ಲ ಅದು ಮಾಲಲ್ಲ. ಊರಿನ ರಾಗಿ. ನೀನು ಗಾಡಿ ತಿರುಗಿಸ್ಕೊ.”

ಗಾಡಿಗಳು ಖಾಲಿಯೇ ತಿರುಗಿದವು. ರಾಗಿ ಮನೆಮನೆಗೆ ಹೋಯಿತು. ದುಡ್ಡು ಕೊಡಲು ಬಂದವರಿಗೆ ಅವರು ಕೈ ಅಡ್ಡ ಹಿಡಿದರು. “ರಾಗಿ ಒಯ್ದೋರು ರಾಗೀನೇ ತಂದು ಇದೇ ಹಗೇವಿಗೆ ಸುರೀಬೇಕು. ಅದ್ಕೆ ಅರ್ಧ ಹೊಲಕ್ಕೆ ರಾಗಿ ಬಿತ್ಬೇಕು. ಇನ್ನರ್ಧಕ್ಕೆ ಕಡ್ಲೇಕಾಯಾದ್ರೂ ಹಾಕಿ, ಸೀಮೆ ಸೋಪಾದ್ರೂ ಬೆಳೀರಿ, ನಾನು ಕೇಳಲ್ಲ.” ಆಮೇಲೆ ಓಬಳಮ್ಮನ ಕಡೆ ತಿರುಗಿ, “ನೀನು ಹೊಗೆ ಎಣ್ಸು. ನಾನು ಮಡಕೆ ನೋಡ್ತೀನಿ. ಇಬ್ರದ್ದೂ ತಾಳೆ ಆದ್ರೆ ಮಾತ್ರ ಬರೀತೀನಿ” ಎಂದರು. ಅವತ್ತಿನಿಂದ ಆ ಸಾಲು ಹಲಗೆಯ ತಳದಲ್ಲಿಲ್ಲ, ಎಲ್ಲಕ್ಕಿಂತ ಮೇಲಿದೆ.

ಇಷ್ಟು ಹೇಳುವ ಹೊತ್ತಿಗೆ ಸಂಜೀವಯ್ಯ ನನ್ನ ಮುಖ ನೋಡುವುದನ್ನು ಬಿಟ್ಟಿದ್ದ. ಎದುರಿನ ಸೂರುಗಳ ಮೇಲೆ ಕಣ್ಣು ಓಡಿಸುತ್ತ ತುಟಿಯಲ್ಲೇ ಏನೋ ಎಣಿಸುತ್ತಿದ್ದ. ಬೇವಿನ ಮರದಾಚೆ, ಅವನ ಮನೆಯ ಪಕ್ಕದಲ್ಲೇ ಇದ್ದ ಹೊನ್ನಕ್ಕನ ಮನೆಯ ಮೇಲೆ ಅವನ ಕಣ್ಣು ನಿಂತಿತು. ಆ ಸೂರಿನ ಮೇಲೆ ಬರಿ ಆಕಾಶವಿತ್ತು.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಎರಡು ಗಂಟೆ ತಡ. ಅಲ್ಲಿಗೆ ನನ್ನ ಆಣೆಯೂ ಉಳಿಯಿತು. ಸಂಜೀವಯ್ಯ ಎದ್ದ. ಗೋಣಿಚೀಲಗಳನ್ನು ಜಗಲಿಯ ಮೇಲೆಯೇ ಬಿಟ್ಟು, ಬಸ್ಸಿನ ಕಡೆ ತಿರುಗಿಯೂ ನೋಡದೆ, ಬೇವಿನ ಮರದ ಕಡೆಗೆ ದಾಪುಗಾಲು ಹಾಕಿದ.

“ಲೋ, ಇರಪ್ಪ, ಇನ್ನೂ ಮುಗ್ದಿಲ್ಲ! ಆವತ್ತು ಅರವತ್ನಾಲ್ಕು ಮನೇದೂ ಹೊಗೆ ಒಟ್ಟಿಗೇ ಎದ್ದು ಎಷ್ಟು ದಟ್ಟ ಆಯ್ತು ಅಂದ್ರೆ, ಸಂಜೀವಯ್ಯ, ಹಿಂದೂಪುರದ ಕಾಗೆಗಳೆಲ್ಲ ದಾರಿ ತಪ್ಪಿ ನಮ್ಮೂರ ಬಂಡೆ ಮೇಲೆ—”