ಹಿಡಿ ಅಕ್ಕಿಯ ಸಭೆ

ಚರ್ಚಿನ ಅಕ್ಕಿ ಮೂಟೆಗಳು ಕೋಳಿ ಫಾರಂನ ಗಾಡಿಗೆ ಏರುವುದನ್ನು ಕಂಡಾಗ ಓಬಮ್ಮನಿಗೆ ಮೊದಲು ಬಂದದ್ದು ಸಿಟ್ಟಲ್ಲ, ವಾಕರಿಕೆ. ಕೈಯಲ್ಲಿದ್ದ ಅಕ್ಕಿ ಡಬ್ಬಿಯನ್ನು ಸೆರಗಿನೊಳಗೆ ಅವಚಿಕೊಂಡು ಗೇಟಿನಲ್ಲೇ ನಿಂತುಬಿಟ್ಟಳು.

ಬೀರೂರಿನಿಂದ ತರೀಕೆರೆಗೆ ಹೋಗುವ ರಸ್ತೆಯ ಮಗ್ಗುಲಿನ ಆ ಹಂಚಿನ ಚರ್ಚಿನಲ್ಲಿ ಹಿಡಿ ಅಕ್ಕಿ ಎನ್ನುವುದು ಇಂದು ನಿನ್ನೆಯ ಪದ್ಧತಿಯಲ್ಲ. ಮನೆಯ ಹೆಂಗಸು ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಬೇಕು. ವಾರವೆಲ್ಲ ಕೂಡಿದ ಅಕ್ಕಿ ಚರ್ಚಿಗೆ ಬಂದು ಬಾಗಿಲ ಪಕ್ಕದ ದೊಡ್ಡ ಡ್ರಮ್ಮಿಗೆ ಬೀಳಬೇಕು. ರೇಷನ್ ಅಕ್ಕಿ, ಸೋನಾ ಮಸೂರಿ, ಕುಸುಬಲಕ್ಕಿ ಎಲ್ಲ ಅಲ್ಲಿ ಒಂದೇ ರಾಶಿ. ಯಾರ ಹಿಡಿ ಯಾವುದೆಂದು ಅದನ್ನು ಮಾಡಿದ ದೇವರೂ ಹೇಳಲಾರ. ಹಾಸಿಗೆ ಹಿಡಿದವರು, ಬಾಣಂತಿಯರು, ಕೂಲಿ ಸಿಗದೆ ಕೂತವರು, ಯಾರ ಮನೆಯಲ್ಲಿ ಒಲೆ ಹೊತ್ತುವುದಿಲ್ಲವೋ ಅವರ ಮನೆಗೆ ಆ ಅಕ್ಕಿ ಹೋಗಬೇಕು. ಹಾಡು ಬಾರದವರು, ಓದು ಬಾರದವರು, ಮಾತಾಡಲು ನಾಚುವವರು, ಎಲ್ಲರೂ ಮಾಡಬಹುದಾದ ದೇವರ ಕೆಲಸ ಅದೊಂದೇ ಆಗಿತ್ತು.

"ಅಂಜಿನಪ್ಪಣ್ಣ, ಏನಿದು? ಅಕ್ಕಿ ಎಲ್ಲಿಗೆ ಹೋಯ್ತಾ ಐತೆ?" ಎಂದು ಓಬಮ್ಮ ಕೇಳಿದಳು.

ಅಂಜಿನಪ್ಪ ಚರ್ಚಿನ ಸಭೆಯ ಹಿರಿಯರಲ್ಲಿ ಮೊದಲನೆಯವನು. ಕಮಿಟಿಯೆಂದರೆ ಅವನೇ. ಅವನು ಗಾಡಿಯ ಹಗ್ಗ ಬಿಗಿಸುತ್ತಲೇ ಉತ್ತರ ಕೊಟ್ಟ.

"ಅಜ್ಜಂಪುರದ ಕಡೆ ಒಂದು ಕೋಳಿ ಫಾರಂಗೆ ಕಣಮ್ಮ. ಬೆರಕೆ ಅಕ್ಕಿ, ಯಾರು ತಿಂತಾರೆ ಅದನ್ನ? ಅರ್ಧ ಬೆಂದು ಮುದ್ದೆಯಾಯ್ತದೆ, ಅರ್ಧ ಕಲ್ಲಂಗೆ ಇರ್ತದೆ. ಹುಳ ಬೇರೆ ಬಿದ್ದಿತ್ತು. ನಾಳೆ ಚರ್ಚಿನ ಐವತ್ತನೇ ವರ್ಷದ ಹಬ್ಬ, ಕಡೂರಿಂದ ದೊಡ್ಡೋರೆಲ್ಲ ಬತ್ತಾವ್ರೆ. ಬಾಗ್ಲಲ್ಲೇ ಈ ಡ್ರಮ್ ಇದ್ರೆ ಏನ್ ಚಂದ ಹೇಳು? ಇದ್ನ ಮಾರಿದ ಕಾಸಲ್ಲಿ ಸ್ಟೇಜಿಗೆ ಹೂವಿನ ಅಲಂಕಾರನಾದ್ರೂ ಆಯ್ತದೆ."

"ಹುಳ ಬಿದ್ರೆ ಮೊರದಲ್ಲಿ ಕೇರ್ತಾರೆ ಕಣಣ್ಣ, ಮಾರ್ತಾರಾ? ದುರ್ಗಕ್ಕನ ಗಂಜಿಗೆ ಏನ್ ಮಾಡ್ಲಿ?"

"ಮುಂದಿನ ವಾರ ನೋಡಣ ಬಿಡು."

"ಹಂಗಾದ್ರೆ ಅವ್ಳ ಹೊಟ್ಟೆಗೆ ಹೇಳಿ ಬತ್ತೀನಿ, ಮುಂದಿನ ವಾರ ಹಸಿಯಪ್ಪಾ ಅಂತ!"

ಅಂಜಿನಪ್ಪ ನಕ್ಕ. ಅದೇ ಅವಳ ಮೈ ಉರಿಸಿದ್ದು. ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದಳೇನೋ. ಹಸಿದವಳ ಬಾಯಿಂದ ತೆಗೆದು ಕೋಳಿಗೆ ಹಾಕಿ, ಮೇಲೆ ಹಲ್ಲು ಬೇರೆ ಕಿರಿಯುತ್ತಾನಲ್ಲ, ಥೂ! ಗಾಡಿ ಹೊರಟು ಅಜ್ಜಂಪುರದ ದಾರಿ ಹಿಡಿಯಿತು. ಓಬಮ್ಮ ತನ್ನ ಡಬ್ಬಿಯನ್ನು ಅಲ್ಲಿ ಸುರಿಯದೆ ನೆಟ್ಟಗೆ ದುರ್ಗಮ್ಮನ ಮನೆಗೆ ನಡೆದಳು.

ದುರ್ಗಮ್ಮ ಓಬಮ್ಮನಿಗೆ ನೆಂಟಳಲ್ಲ. ಹಿಂದೆ ಗಂಡ ಸತ್ತು ಎದೆಹಾಲಿನ ಕೂಸು ಕಟ್ಟಿಕೊಂಡಿದ್ದ ಓಬಮ್ಮನಿಗೆ ಮೂರು ತಿಂಗಳು ಇದೇ ಹಿಡಿ ಅಕ್ಕಿಯ ಅನ್ನ ಮಾಡಿ ಬಡಿಸಿದವಳು. ಬೀರೂರು ಸ್ಟೇಷನ್ನಿನ ಎದುರು ಇಡ್ಲಿ ಮಾರಿ ಬದುಕಿಕೊಳ್ಳೇ ಎಂದು ತನ್ನ ಇಡ್ಲಿ ಪಾತ್ರೆಯನ್ನೇ ಎತ್ತಿಕೊಟ್ಟವಳು. ಈಗ ಅವಳಿಗೆ ಲಕ್ವ ಹೊಡೆದು ಎರಡು ವರ್ಷ. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಕಣ್ಣಿಗೆ ಪೊರೆ ಬಂದು ಎದುರಿಗಿರುವವರು ನೆರಳಿನಂತೆ ಕಾಣುತ್ತಾರೆ, ಬೆನ್ನಿನಲ್ಲಿ ಹಾಸಿಗೆ ಹುಣ್ಣು. ಮಕ್ಕಳಿಲ್ಲ. ಸಭೆಯೇ ನನ್ನ ಮಕ್ಕಳು ಎನ್ನುತ್ತಿದ್ದಳು, ಬಾಯಿ ಚೆನ್ನಾಗಿದ್ದಾಗ.

ಬಾಗಿಲು ತೆಗೆದರೆ ವಾಸನೆ ಮುಖಕ್ಕೇ ಬಡಿಯಿತು. ದಿನಾ ಬರುವ ಓಬಮ್ಮನೂ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅಕ್ಕನಿಗೆ ಕಾಣುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಹುಣ್ಣು ತೊಳೆದು, ಬಟ್ಟೆ ಬದಲಿಸಿ, ಡಬ್ಬಿಯ ಅಕ್ಕಿಯಲ್ಲಿ ಗಂಜಿ ಕಾಯಿಸಿ ಕುಡಿಸುತ್ತ, ನಾಳೆ ಹಬ್ಬ ಎಂಬುದನ್ನಷ್ಟೇ ಹೇಳಿದಳು. ಕೋಳಿಯ ವಿಷಯ ನುಂಗಿಕೊಂಡಳು.

ದುರ್ಗಮ್ಮ ಅರ್ಧ ಬಾಯಲ್ಲಿ ತೊದಲಿದಳು. "ನಾಳೆ... ಕರ್ತನ ಭೋಜನ... ಕೊಡ್ತಾರಾ?"

"ಕೊಡ್ತಾರೆ ಕಣಕ್ಕ. ಹಬ್ಬ ಅಲ್ವಾ."

"ನಂಗೆ... ಎಲ್ರ ಜೊತೆ... ಬೇಕು ಕಣೇ." ಮತ್ತೆ ಕೇಳಿದಳು, "ಯಾರೂ ಬರಲ್ಲ. ನನ್ನ... ಮರ್ತ್ಬಿಟ್ರಾ?"

ಗಂಜಿಯ ಚಮಚ ಓಬಮ್ಮನ ಕೈಯಲ್ಲೇ ನಿಂತಿತು. ಪಾಸ್ಟರ್ ಹೊನ್ನೇಶ್ ಲಕ್ಕವಳ್ಳಿಯಿಂದ ಈ ಸಭೆಗೆ ಬಂದ ಹೊಸದರಲ್ಲಿ ಒಮ್ಮೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಂದು, ಹೊಸ್ತಿಲಾಚೆಯೇ ನಿಂತು ಪ್ರಾರ್ಥನೆ ಮಾಡಿ, ಉಸಿರು ಬಿಗಿಹಿಡಿದು ಕೊಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಮರೆತರು ಕಣಕ್ಕ, ಮರೆತು ಎಷ್ಟೋ ಕಾಲವಾಯಿತು ಎಂದು ಹೇಗೆ ಹೇಳುವುದು? ಅದನ್ನು ಹೇಳಿದರೆ ಆ ಜೀವ ಉಳಿಯುವುದಾದರೂ ಯಾತಕ್ಕೆ?

"ಅಯ್ಯೋ, ಯಾರು ಮರೀತಾರಕ್ಕ ನಿನ್ನ? ನಾಳೆ ಕರ್ಕೊಂಡ್ ಹೋಯ್ತೀನಿ. ಎಲ್ರ ನಡುವೆ ಕೂರಿಸಿ ಕೊಡಿಸ್ತೀನಿ," ಎಂದುಬಿಟ್ಟಳು.

ಭಾನುವಾರ ಬೆಳಿಗ್ಗೆ ರೇಣುಕಪ್ರಸಾದನ ಲಗೇಜ್ ಆಟೋ ಬಂತು. ಅವನು ಮಠಕ್ಕೆ ನಡೆದುಕೊಳ್ಳುವ ಮನೆಯವನು, ಹಣೆ ತುಂಬ ವಿಭೂತಿ. ದಿನಾ ಓಬಮ್ಮನ ಇಡ್ಲಿ ತಿಂದು ತಿಂದು ಅಕ್ಕ ತಮ್ಮನ ಸಲಿಗೆ ಬೆಳೆದಿತ್ತು. ಇಬ್ಬರೂ ಸೇರಿ ಆಟೋದ ಹಿಂದೆ ಹಾಸಿಗೆ ಹಾಸಿ ದುರ್ಗಮ್ಮನನ್ನು ಮಲಗಿಸಿದರು. ಬಿಳಿ ಸೀರೆ ಉಡಿಸಿ ಎಣ್ಣೆ ಹಚ್ಚಿ ತಲೆ ಬಾಚಿದ್ದಾಯಿತು.

ಗೇಟಿನಲ್ಲಿ ಜರಿ ಶಲ್ಯ ಹೊದ್ದ ಅಂಜಿನಪ್ಪ ಅಡ್ಡ ನಿಂತ.

"ಇವತ್ತೇ ಬೇಕಿತ್ತಾ ಇದು, ಓಬಮ್ಮ?"

"ಹಬ್ಬ ಇವತ್ತೇ ಅಲ್ವಾ ಅಣ್ಣ?"

"ವಾಸ್ನೆ ಬತ್ತದೆ ಕಣಮ್ಮ. ಗೆಸ್ಟ್‌ಗಳು ಅವ್ರೆ, ವಿಡಿಯೋದೋರು ಅವ್ರೆ. ಸ್ವಲ್ಪ ಅರ್ಥ ಮಾಡ್ಕೊ."

ಮಾತು ಬೆಳೆಯುವುದನ್ನು ಕಂಡು ಪಾಸ್ಟರ್ ಹೊನ್ನೇಶ್ ಓಡಿಬಂದ. ಇಸ್ತ್ರಿಯ ಬಿಳಿ ನಿಲುವಂಗಿ, ಬೆಣ್ಣೆಯಂಥ ಮಾತು. "ಓಬಮ್ಮನವರೇ, ಬೇಜಾರು ಮಾಡ್ಕೋಬೇಡಿ. ಅಡುಗೆ ಶೆಡ್ಡಿನ ಹಿಂದೆ ನೆರಳಿದೆ, ಗಾಡಿ ಅಲ್ಲಿ ನಿಲ್ಲಿಸಿ. ಆರಾಧನೆ ಮುಗಿದ ತಕ್ಷಣ ನಾನೇ ತಂದು ಕೊಡ್ತೀನಿ. ಪ್ರಾಮಿಸ್."

ಪಾಸ್ಟರ್ ಅಯ್ಯನವರ ಮಾತು ಮೀರಿ ಓಬಮ್ಮನಿಗೆ ಅಭ್ಯಾಸವಿರಲಿಲ್ಲ. ಗಾಡಿ ಹಿಂದಕ್ಕೆ ಹೋಯಿತು.

ಶೆಡ್ಡಿನ ಹಿಂದೆ ಈರುಳ್ಳಿ ಸಿಪ್ಪೆ, ಕೋಳಿ ಪುಕ್ಕ, ನೊಣ. ತಲೆಯ ಮೇಲೆ ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರ್. ಹೊನ್ನೇಶ್ ಪ್ರಸಂಗ ಶುರು ಮಾಡಿದ. ಮಾತುಗಾರನೆಂದರೆ ಮಾತುಗಾರ, ಅದನ್ನು ಇಲ್ಲವೆನ್ನುವಂತಿಲ್ಲ. ಸಭೆ ಅಂದರೆ ಈ ಹಂಚು, ಈ ಗೋಡೆ ಅಲ್ಲ ಎಂದ. ನಾವೆಲ್ಲ ಒಂದು ಮೈ, ಒಬ್ಬೊಬ್ಬರೂ ಒಂದೊಂದು ಅಂಗ, ಕ್ರಿಸ್ತನೇ ತಲೆ ಎಂದ. ಕಾಲಿನ ಬೆರಳಿಗೆ ಮುಳ್ಳು ಚುಚ್ಚಿದರೆ ಇಡೀ ಮೈಗೆ ಜ್ವರ ಬರಬೇಕು, ಬರದಿದ್ದರೆ ಆ ಮೈ ಸತ್ತಿದೆ ಅಂತಲೇ ಲೆಕ್ಕ ಎಂದ. ಪ್ರತಿ ಮಾತಿಗೂ ದುರ್ಗಮ್ಮ ಕಣ್ಣು ಮುಚ್ಚಿಕೊಂಡು ಆಮೆನ್ ಎನ್ನುತ್ತಿದ್ದಳು.

"ಚೆನ್ನಾಗ್ ಹೇಳ್ತಾರೆ ಓಬಕ್ಕ ನಿಮ್ಮ ಸ್ವಾಮಿಗಳು," ಎಂದ ರೇಣುಕಪ್ರಸಾದ, ನೊಣ ಓಡಿಸುತ್ತ. "ನಮ್ಮಲ್ಲೂ ಹಿಂಗೇ, ಮೈಕ್ ಸಿಕ್ಕಿದ್ರೆ ಎಲ್ರೂ ಒಳ್ಳೆಯವ್ರೇ."

ಪ್ರಸಂಗ ಮುಗಿದು ಹಾಡು, ಹಾಡಿನ ಜೊತೆಗೆ ರೊಟ್ಟಿ ಹಂಚುವ ಸದ್ದು. ಓಬಮ್ಮ ಸೆರಗು ಸರಿಮಾಡಿಕೊಂಡು ಕಾದಳು. ಅಯ್ಯನವರು ಬರಲಿಲ್ಲ. ಸನ್ಮಾನ ಶುರುವಾಯಿತು. ಕಡೂರಿನಿಂದ ಬಂದ ರಾಜಕಾರಣಿಗೆ ಪೇಟ, ಹಾರ, ಹಣ್ಣಿನ ಬುಟ್ಟಿ. ಅವನು ಚರ್ಚಿಗೂ ತನ್ನ ಪಕ್ಷಕ್ಕೂ ಇರುವ ಸಂಬಂಧವನ್ನು ಉದ್ದಕ್ಕೆ ಎಳೆದು ಹೇಳಿದ. ಕಮಿಟಿಯವರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು. ಆಮೇಲೆ ಎಲ್ಲರೂ ಊಟಕ್ಕೆ ಏಳಬೇಕೆಂದು ಅಂಜಿನಪ್ಪ ಮೈಕಿನಲ್ಲಿ ಕೂಗಿದ.

ಬಿಸಿಲು ಗಾಡಿಯೊಳಕ್ಕೆ ಬಂದಿತ್ತು. ದುರ್ಗಮ್ಮ ಮುಖ ಸಣ್ಣ ಮಾಡಿಕೊಂಡು ಎಡಗೈಯಲ್ಲಿ ಏನನ್ನೋ ತಡಕಾಡಿದಳು. ಓಬಮ್ಮ ಹತ್ತಿರ ಹೋಗಿ ನೋಡಿದರೆ ಬಿಳಿ ಸೀರೆ, ಹಾಸಿಗೆ ಎಲ್ಲ ಹೊಲಸಾಗಿತ್ತು. ತಡೆಯಲಾರದೆ ಓಬಮ್ಮ ಹಿಂದಕ್ಕೆ ಸರಿದು, ಗೋಡೆ ಹಿಡಿದುಕೊಂಡು, ಬೆಳಿಗ್ಗೆ ಕುಡಿದ ಕಾಫಿಯನ್ನೆಲ್ಲ ಕಕ್ಕಿದಳು.

ಬಾಯಿ ಒರೆಸಿಕೊಳ್ಳುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಂಜಿನಪ್ಪನಿಗೂ ತನಗೂ ಏನು ವ್ಯತ್ಯಾಸ? ಅವನು ಗೇಟಿನಲ್ಲಿ ಮೂಗು ಮುಚ್ಚಿಕೊಂಡ, ತಾನು ಮನೆಯೊಳಗೆ ಹೋಗಿ ಮುಚ್ಚಿಕೊಂಡಳು, ಅಷ್ಟೇ. ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ರೇಣುಕಪ್ರಸಾದ ಅಡುಗೆಯವರಿಂದ ಎರಡು ಬಕೆಟ್ ನೀರು ತಂದು ಕೊಟ್ಟು ಆ ಕಡೆ ತಿರುಗಿ ನಿಂತ. ತೊಳೆದಷ್ಟು ತೊಳೆದು, ತನ್ನ ಹೊದೆಯುವ ಶಾಲನ್ನೇ ದುರ್ಗಮ್ಮನಿಗೆ ಸುತ್ತಿದಳು. ವಾಸನೆ ಮಾತ್ರ ಹೋಗಲಿಲ್ಲ.

"ಕೊಟ್ರೇನೇ?" ಎಂದು ದುರ್ಗಮ್ಮ ಕೇಳಿದಳು.

"ಈಗ ಬತ್ತಾರೆ ಇರಕ್ಕ."

ಓಬಮ್ಮ ಊಟದ ಶಾಮಿಯಾನಕ್ಕೆ ಹೋದಳು. ಇಡೀ ಸಭೆ ಸಾಲಾಗಿ ಕೂತು ಉಣ್ಣುತ್ತಿತ್ತು. ಒಂದೇ ಅಳತೆಯ, ಉದುರು ಉದುರಾದ ಬಾಸುಮತಿ ಅನ್ನ, ಮೇಲೆ ಕೋಳಿ. ಮುಂದಿನ ಟೇಬಲ್ಲಿನಲ್ಲಿ ರಾಜಕಾರಣಿಯ ಪಕ್ಕ ಕೂತ ಹೊನ್ನೇಶ್, ಕೋಳಿಕಾಲನ್ನು ಬಾಯಿಗಿಟ್ಟುಕೊಂಡವನು, ಅವಳನ್ನು ನೋಡಿ ಎಡಗೈ ಎತ್ತಿ ಐದು ನಿಮಿಷ ಎಂಬಂತೆ ಸನ್ನೆ ಮಾಡಿದ.

"ಅಕ್ಕ ಕಾಯ್ತಾವ್ಳೆ ಅಯ್ನೋರೆ. ಒಬ್ಳು ಬಾಕಿ ಅವ್ಳೆ!" ಎಂದು ಓಬಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು.

ಕೆಲವರು ತಲೆ ಎತ್ತಿದರು. ಮತ್ತೆ ತಲೆ ತಗ್ಗಿಸಿ ಮೂಳೆ ಚೀಪಿದರು. "ಉಂಡ್ಬಿಟ್ಟು ನೋಡಣ ಇರಮ್ಮ, ಊಟದ ಹೊತ್ತಲ್ಲಿ ಯಾಕೆ ಗಲಾಟೆ," ಎಂದು ಯಾರೋ ಗೊಣಗಿದರು. ದುರ್ಗಮ್ಮನ ಕೈಯಡುಗೆ ಉಂಡು ಬೆಳೆದವರು ಇವರು! ಅವಳು ಎಬ್ಬಿಸಿ ನಿಲ್ಲಿಸಿದ ಬಾಣಂತಿಯರು ಇಲ್ಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಒಬ್ಬೊಬ್ಬರ ತಟ್ಟೆಗೂ ಉಗಿಯಬೇಕು ಅನ್ನಿಸಿತು ಓಬಮ್ಮನಿಗೆ. ಉಗಿಯಲಿಲ್ಲ. ಬಿರಬಿರನೆ ವಾಪಸ್ಸು ಬಂದು ಆಟೋದ ಹಿಂದೆ ಹತ್ತಿ ದುರ್ಗಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನಡಿ ಪ್ರಸಾದು, ಒಳಕ್ಕೆ ಹಾಕು ಗಾಡಿ."

"ಎಲ್ಲಿಗಕ್ಕ?"

"ಶಾಮಿಯಾನದೊಳಕ್ಕೆ. ಊಟದ ಸಾಲಿನ ನಡುವಕ್ಕೆ."

ಅವನು ಒಮ್ಮೆ ಅವಳ ಮುಖ ನೋಡಿದ. ಗಾಡಿ ಸ್ಟಾರ್ಟ್ ಮಾಡಿದ.

ಡರ್ರನೆ ನುಗ್ಗಿದ ಆಟೋ ಎರಡು ಸಾಲು ಟೇಬಲ್ಲುಗಳ ನಡುವೆ ಬಂದು ನಿಂತಿತು. ಮೊದಲು ಕೂಗಾಟ, ಆಮೇಲೆ ವಾಸನೆ. ಸಾಲು ಸಾಲಾಗಿ ಜನ ಧಡಕ್ಕನೆ ಎದ್ದರು. ಕುರ್ಚಿಗಳು ಬಿದ್ದವು. ಶಲ್ಯ, ಸೆರಗು, ಕರವಸ್ತ್ರ ಎಲ್ಲವೂ ಮೂಗಿಗೆ ಹೋದವು. ರಾಜಕಾರಣಿ ಕೈಯನ್ನೂ ತೊಳೆಯದೆ ಕಾರಿನ ಕಡೆ ಓಡಿದ.

"ಏನಮ್ಮ ಇದು ಹಲ್ಕಾ ಕೆಲ್ಸ!" ಎಂದು ಅಂಜಿನಪ್ಪ ಚೀರಿದ.

ಓಬಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಅಯ್ನೋರೆ, ಬೆಳಿಗ್ಗೆ ಮೈಕಲ್ಲಿ ಹೇಳಿದ್ರಲ್ಲ, ಬೆರಳಿಗೆ ಮುಳ್ಳು ಚುಚ್ಚಿದ್ರೆ ಇಡೀ ಮೈಗೆ ಜ್ವರ ಬತ್ತದೆ ಅಂತ? ಎಲ್ಲಿ, ಯಾರಿಗ್ ಬಂದೈತೆ ಜ್ವರ? ಒಬ್ಬೊಬ್ರ ಹಣೆ ಮುಟ್ಟಿ ನೋಡ್ಲಾ? ಎಲ್ರ ಜೊತೆ ಬೇಕು ಅಂದ್ಳು ಅಕ್ಕ. ಎಲ್ರೂ ಇಲ್ಲೇ ಇದಾರೆ, ತನ್ನಿ."

ವಿಡಿಯೋದವನ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಹೊನ್ನೇಶ್ ಅದನ್ನು ನೋಡಿದ. ಕೈ ತೊಳೆದುಕೊಂಡು ಹೋಗಿ ತಟ್ಟೆಯಲ್ಲಿ ಒಂದು ಚೂರು ರೊಟ್ಟಿ, ಬಟ್ಟಲಿನ ತಳದಲ್ಲಿದ್ದ ರಸ ತಂದ. ಮುಖ ಆಚೆ ತಿರುಗಿಸಿ ಗಡಿಬಿಡಿಯಲ್ಲಿ ಎರಡು ಮಾತು ಪ್ರಾರ್ಥಿಸಿ, ದುರ್ಗಮ್ಮ ತೆರೆದ ಬಾಯಿಗೆ ಬೆರಳು ತಾಗದಂತೆ ಮೇಲಿನಿಂದ ರೊಟ್ಟಿ ಬಿಟ್ಟ. ಅದು ತುಟಿಗೆ ತಗುಲಿ ಶಾಲಿನ ಮೇಲೆ ಬಿತ್ತು. ಅಯ್ಯನವರು ಬಗ್ಗಲಿಲ್ಲ. ಓಬಮ್ಮನೇ ಆ ಚೂರನ್ನು ಆಯ್ದು ಅಕ್ಕನ ನಾಲಿಗೆಯ ಮೇಲಿಟ್ಟಳು, ಬಟ್ಟಲನ್ನು ಅವನ ಕೈಯಿಂದ ಇಸಿದುಕೊಂಡು ತಾನೇ ಕುಡಿಸಿದಳು.

ದುರ್ಗಮ್ಮ ನಿಧಾನವಾಗಿ ನುಂಗಿದಳು. ಆಮೇಲೆ ಕತ್ತೆತ್ತಿ, ಪೊರೆಗಣ್ಣಿನಿಂದ ಸುತ್ತ ನೋಡಿದಳು. ಎಡಗಡೆ, ಬಲಗಡೆ, ಶಾಮಿಯಾನದ ಉದ್ದಕ್ಕೂ ನಿಂತ ನೆರಳುಗಳು. ಅವಳ ಅರ್ಧ ಮುಖ ಅರಳಿತು.

"ನೋಡೇ... ಎಲ್ರೂ... ಎದ್ದು ನಿಂತವ್ರೆ," ಎಂದಳು. "ನಂಗೋಸ್ಕರ. ಮರ್ತಿಲ್ಲ ಕಣೇ."

ಓಬಮ್ಮ ಮೂಗು ಮುಚ್ಚಿಕೊಂಡ ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೆಲವರು ಮುಖ ತಗ್ಗಿಸಿದರು, ಕೈ ಮಾತ್ರ ಮೂಗಿನಿಂದ ಇಳಿಯಲಿಲ್ಲ.

"ಹೂಂ ಕಣಕ್ಕ," ಎಂದಳು. "ಎಲ್ರೂ ನಿಂತವ್ರೆ."

ಅಷ್ಟರಲ್ಲಿ ಅಂಜಿನಪ್ಪ ಫಿನೈಲ್ ತನ್ನಿ, ಫಿನೈಲ್ ತನ್ನಿ ಎಂದು ಅಡುಗೆಯವರನ್ನು ಕೂಗತೊಡಗಿದ. ಅದು ಅಕ್ಕನ ಕಿವಿಗೆ ಬೀಳಬಾರದೆಂದು ಓಬಮ್ಮ ಇದ್ದಬದ್ದ ದನಿಯನ್ನೆಲ್ಲ ತೆಗೆದು ಒಬ್ಬಳೇ ಒಂದು ಹಾಡು ಎತ್ತಿಕೊಂಡಳು.