ಮಂಜುಶ್ರೀಯ ಹೆಡ್‌ಸೆಟ್

ನಮ್ಮ ಮನೆಯಲ್ಲಿ ಜಮೀನಿನ ಮಾತು ಎಲ್ಲರೆದುರೇ ಆಗಬೇಕು. ನಮ್ಮಪ್ಪ ಹಾಕಿದ ಪದ್ಧತಿ. ಆಗ ಶೆಟ್ಟಿಹಳ್ಳಿಯ ಮನೆ ಜಗಲಿಯ ಮೇಲೆ ಆಗುತ್ತಿತ್ತು. ಈಗ ಅದೇ ಜಾಗದಲ್ಲಿ ನಾನು ಕಟ್ಟಿಸಿರುವ ಕಾಂಪ್ಲೆಕ್ಸಿನ ಆಫೀಸಿನಲ್ಲಿ, ಮೇಜಿನ ಮೇಲಿರುವ ಫೋನಿನ ಸ್ಪೀಕರಿನಲ್ಲಿ ಆಗುತ್ತದೆ. ಫೋನ್ ಬಂದರೆ ಸ್ಪೀಕರ್ ಒತ್ತುವುದು, ಕೂತವರೆಲ್ಲ ಒಬ್ಬೊಬ್ಬರಾಗಿ ಹೆಸರು ಹೇಳಿ "ನಾನೂ ಇವ್ನಿ" ಅನ್ನುವುದು. ಯಾರ್ಯಾರು ಕೇಳುತ್ತಿದ್ದಾರೆ ಅಂತ ಆ ಕಡೆಯವನಿಗೂ ಗೊತ್ತಿರಬೇಕಲ್ಲ. ನಾವು ಕದ್ದು ಕೇಳುವ ಜನವಲ್ಲ.

ಹೀಗಿರುವಾಗ ನನ್ನ ಮಗಳು ಮಂಜುಶ್ರೀ ಆಫೀಸು ನೋಡಿಕೊಳ್ಳಲು ಬಂದ ವಾರದಲ್ಲೇ ಆ ಫೋನಿಗೆ ಒಂದು ಹೆಡ್‌ಸೆಟ್ ಸಿಕ್ಕಿಸಿದಳು.

"ನೀವೆಲ್ಲ ಒಟ್ಟಿಗೆ ಕಿರುಚಿದ್ರೆ ಆ ಕಡೆಯವ್ರಿಗೆ ಬರೀ ಗಲಾಟೆ ಕೇಳ್ಸುತ್ತೆ ಅಪ್ಪಾ. ಬಾಡಿಗೆಗಿರೋರು ನಲ್ಲಿ ಕೆಟ್ಟೋಯ್ತು ಅನ್ನೋದ್ನೂ ಬೀದಿಗೆಲ್ಲ ಕೇಳಿಸ್ಬೇಕಾ? ಇದಾದ್ರೆ ಎರಡೂ ಕೈ ಖಾಲಿ ಇರುತ್ತೆ, ಮಾತಾಡ್ತಾನೇ ಟೈಪ್ ಮಾಡ್ಬೋದು."

ಮಾತು ಸರಿಯೇ. ಆದರೂ ನನಗೆ ಮೈ ಉರಿಯಿತು. ನನಗಿಂತ ಹೆಚ್ಚು ಉರಿದದ್ದು ನನ್ನ ತಮ್ಮ ಮುನಿಶಾಮಿಗೆ. ನಮ್ಮಿಬ್ಬರ ದ್ರಾಕ್ಷಿ ತೋಟದ ಜಾಗವನ್ನು ಫ್ಲ್ಯಾಟು ಕಟ್ಟಲು ಒಂದು ಕಂಪನಿಗೆ ಕೊಟ್ಟು, ಕಟ್ಟಿದ ಫ್ಲ್ಯಾಟುಗಳಲ್ಲಿ ನಮ್ಮಿಬ್ಬರಿಗೂ ಪಾಲು ತೆಗೆದುಕೊಳ್ಳುವ ಮಾತು ಆಗ ನಡೆದಿತ್ತು. "ನನ್ ಕಿವಿಗ್ ಬೀಳ್ದಿರೋ ಮಾತ್ಗೆ ನಾನ್ ಸೈನ್ ಆಕಲ್ಲ ಕಣಣ್ಣಾ. ಭಾಗ ತಕ್ಕೊಂಡು ಬೇರೆ ಓಯ್ತೀನಿ" ಎಂದುಬಿಟ್ಟ. ಫ್ಲ್ಯಾಟು ಹಾಳಾಗಿ ಹೋಗಲಿ, ತಮ್ಮನೇ ಬೇರೆಯಾದರೆ ನಾನು ಊರಲ್ಲಿ ಯಾವ ಮುಖ ಹೊತ್ತು ತಿರುಗಲಿ? ಅದೊಂದೇ ನನಗಿದ್ದ ಭಯ.

ಅವತ್ತು ಅವನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದ. ಫೋನ್ ಬಂತು. ಮಂಜುಶ್ರೀ ಹೆಡ್‌ಸೆಟ್ಟಿನಲ್ಲೇ ತೆಗೆದುಕೊಂಡು "ಹೇಳಿ ಶಿವಪ್ರಕಾಶ್ ಸಾರ್" ಅಂದಳು. ಆ ಕಂಪನಿಯ ಮ್ಯಾನೇಜರ್. ಆಮೇಲೆ ನಮಗೆ ಕೇಳಿಸಿದ್ದು ಅವಳ ಮಾತು ಮಾತ್ರ.

"ಹೂಂ... ನಮ್ಮಪ್ಪಂಗಾ?... ಚಿಕ್ಕಪ್ಪನ ಭಾಗ ಯಾವ ಕಡೆ?... ಇಲ್ಲ, ಅವರಿಗಿನ್ನೂ ಗೊತ್ತಿಲ್ಲ."

ಮುನಿಶಾಮಿ ಲೋಟ ಕೆಳಗಿಟ್ಟ. ನನ್ನ ಮುಖ ನೋಡಲಿಲ್ಲ. ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಎಲ್ಲ ಮುಗಿಯಿತು ಅಂದುಕೊಂಡೆ.

"ಚಿಕ್ಕಪ್ಪ, ಒಂದ್ ನಿಮಿಷ ನಿಂತ್ಕೊಳ್ಳಿ" ಎಂದು ಅವನಿಗೆ ಹೇಳಿ, ಮಂಜುಶ್ರೀ ಫೋನಿನವನ ಜೊತೆ ಮಾತು ಮುಂದುವರಿಸಿದಳು. "ಸಾರ್, ನಮ್ ಚಿಕ್ಕಪ್ಪ ಮುನಿಶಾಮಿಯವರೂ ನಮ್ಮಪ್ಪನೂ ಇಲ್ಲೇ ಇದಾರೆ. ಈಗ ಸ್ಪೀಕರ್‌ಗೆ ಹಾಕ್ತೀನಿ. ನನಗೆ ಹೇಳಿದ್ದನ್ನೇ ಅವರಿಗೂ ಹೇಳ್ಬಿಡಿ. ರಸ್ತೆ ಕಡೆ ಫ್ಲ್ಯಾಟೆಲ್ಲ ನಮಗೆ, ಹಿಂದ್ಗಡೆ ಮೋರಿ ಪಕ್ಕದ್ದು ಅವರಿಗೆ, ಸೈನ್ ಆಗೋತನಕ ಅವರಿಗೆ ತಿಳಿಸ್ಬೇಡಿ ಅಂದ್ರಲ್ಲ, ಅದು."

ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. ಸ್ಪೀಕರಿನಲ್ಲಿ ಯಾವುದೋ ರಸ್ತೆಯ ಹಾರನ್ ಮಾತ್ರ ಕೇಳಿಸಿತು.

ಮುನಿಶಾಮಿ ಚಪ್ಪಲಿ ಕಾಲಲ್ಲೇ ವಾಪಸ್ ಬಂದು ಫೋನಿನ ಮೇಲೆ ಬಗ್ಗಿದ. "ನಾನ್ ಮುನಿಶಾಮಿ. ನಾನೂ ಇವ್ನಿ. ಏಳಿ ಸ್ವಾಮಿ."

"ಅದು... ಸಾರ್, ಆಮೇಲ್ ಮಾಡ್ತೀನಿ" ಎಂದು ತೊದಲಿದ ಶಿವಪ್ರಕಾಶ ಲೈನ್ ಕಟ್ ಮಾಡಿದ.

"ಅಪ್ಪಾ, ಈ ಕಂಪನಿ ನಮಗೆ ಬೇಡ" ಅಂದಳು ಮಗಳು. ರಸ್ತೆ ಕಡೆಯ ಅಷ್ಟೂ ಫ್ಲ್ಯಾಟು ಅವಳಿಗೇ ಬರುವಂಥದ್ದು, ನೋಡಿ. ಕೊಳೆತ ಬದನೆಕಾಯಿಯ ಹಾಗೆ ತೆಗೆದು ಎಸೆದಳು. ನಾನು "ಬೇಡ ಮಗಾ" ಅಂದೆ. ಇಂಥ ಮಗಳನ್ನು ಹೆತ್ತಿದ್ದೇನೆ ಎಂದು ಯಾರ ಮುಂದೆ ಬೇಕಾದರೂ ಹೇಳಿಕೊಳ್ಳುತ್ತೇನೆ, ಜಂಬ ಅಂದುಕೊಂಡರೆ ಅಂದುಕೊಳ್ಳಲಿ.

ಮುನಿಶಾಮಿ ಕೂತು, ಆರಿದ ಕಾಫಿಯನ್ನೇ ಕುಡಿದ.

ಅಷ್ಟರಲ್ಲಿ ಫೋನ್ ಮತ್ತೆ ಹೊಡೆಯಿತು. ತೋಟ ಕೇಳಿದ್ದ ಇನ್ನೊಬ್ಬ ಬಿಲ್ಡರಿನ ನಂಬರು. ಅಭ್ಯಾಸಬಲದಿಂದ ನನ್ನ ಬೆರಳು ಸ್ಪೀಕರಿನ ಗುಂಡಿಗೆ ಹೋಯಿತು. ತಮ್ಮ ನನ್ನ ಕೈ ಹಿಡಿದುಕೊಂಡ.

"ಬ್ಯಾಡ ಬಿಡಣ್ಣಾ. ನಮ್ಗೆ ಕೇಳ್ಸೋದೇನೂ ಬ್ಯಾಡ" ಎಂದು ಹೆಡ್‌ಸೆಟ್ಟನ್ನು ತಾನೇ ಎತ್ತಿ ಮಂಜುಶ್ರೀಯ ಕೈಗೆ ಕೊಟ್ಟ.