ಜ್ವರದ ಮಾತು ಬಿಟ್ಟ ಮೆಸೇಜು

ಆಸ್ಪತ್ರೆಯಿಂದ ತಾಯಂದಿರ ಮೊಬೈಲಿಗೆ ಹೋಗುವ ಮೆಸೇಜುಗಳನ್ನು ಬರೆಯುವವಳು ನಾನು. ಇರುವುದು ಎರಡೇ ಸಾಲು, ಆದರೂ ಕಳಿಸುವ ಮೊದಲು ಹತ್ತು ಸಲ ಓದುತ್ತೇನೆ. ಓದಿದವರು ಎಲ್ಲಿ ಹೆದರಿಬಿಡುತ್ತಾರೋ ಎಂಬ ಹೆದರಿಕೆ ನನಗೆ. ಹಾಗಾಗಿ ಲಸಿಕೆಯ ನಂತರ ಜ್ವರ ಬರಬಹುದು ಎಂದು ಒಮ್ಮೆಯೂ ಬರೆದವಳಲ್ಲ.

ಕೆಳಗಿನ ಮನೆಯ ಟೈಲರಮ್ಮನ ಮಗುವಿಗೆ ದಡಾರದ ಲಸಿಕೆ ಬಾಕಿ ಇತ್ತು. ಮೂರು ಮೆಸೇಜು ಹೋದರೂ ಅವಳು ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ದಡಾರ ಎದ್ದಿತು. ನನಗೆ ಊಟ ಸೇರಲಿಲ್ಲ. ಹರಿದ ದಿಂಬಿನ ಕವರಿನ ನೆಪ ಮಾಡಿಕೊಂಡು ಕೆಳಗಿಳಿದೆ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಗು ಬಟ್ಟೆಚೂರುಗಳ ನಡುವೆ ಕೂತು ಅಳತೆ ಟೇಪು ಚೀಪುತ್ತಿತ್ತು.

"ಆಸ್ಪತ್ರೆ ಮೆಸೇಜು ಬಂತಾ?"

"ಬಂತಲ್ಲಕ್ಕ. ನಿಮ್ಮ ಕಂದನ ನಗುವೇ ನಮ್ಮ ಸಂತೋಷ ಅಂತ. ಸೋಪಿನ ಜಾಹೀರಾತು ಅಂದ್ಕೊಂಡೆ."

"ಬರೆದಿದ್ದು ನಾನೇ ಕಣೆ."

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಹೋದ ಸಲ ಚುಚ್ಚಿಸ್ಕೊಂಡು ಬಂದ್ಮೇಲೆ ಮೈ ಕೆಂಡ ಆಗಿತ್ತಕ್ಕ. ಚೆನ್ನಾಗಿದ್ದ ಕೂಸಿಗೆ ಕಾಯಿಲೆ ತಂದ್ಯಲ್ಲ ಅಂತ ನಮ್ಮತ್ತೆ ಒಂದೇ ಸಮ. ಆವಾಗಿನ ಮೆಸೇಜು ತೆಗೆದು ನೋಡಿದ್ರೆ ಜ್ವರದ ಸುದ್ದಿನೇ ಇಲ್ಲ. ಗೊತ್ತಿದ್ದೂ ಹೇಳದೋರನ್ನ ಹೆಂಗೆ ನಂಬೋದು?" ಎಂದಳು.

ದಿಂಬಿನ ಕವರು ಅವಳ ಕೈಗಿಟ್ಟು ಮೇಲೆ ಬಂದೆ.

ಮರುದಿನ ಹೊಸ ಮೆಸೇಜು ಬರೆದು ಹಿರಿಯ ನರ್ಸಿಗೆ ತೋರಿಸಿದೆ: 'ನಾಳೆ ಬೆಳಿಗ್ಗೆ ಒಂಬತ್ತಕ್ಕೆ ದಡಾರದ ಲಸಿಕೆ. ಕೆಲವು ಮಕ್ಕಳಿಗೆ ವಾರ ಕಳೆದ ಮೇಲೆ ಜ್ವರ ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಅನುಮಾನ ಬಂದರೆ ಈ ನಂಬರಿಗೆ ಫೋನ್ ಮಾಡಿ.'

"ಇದನ್ನ ಓದಿ, ಬರೋರೂ ಬರದೆ ಹೋದ್ರೆ?" ಎಂದೆ.

"ನೀನು ಬರೀದಿದ್ರೆ ಜ್ವರ ಬರೋದು ಬಿಡುತ್ತಾ? ಕಳಿಸು."

ಕಳಿಸಿದೆ.

ಮಾರನೆಯ ದಿನ ಒಂಬತ್ತೂವರೆಯಾದರೂ ಟೈಲರಮ್ಮನ ಸುಳಿವಿಲ್ಲ. ಹತ್ತಕ್ಕೆ ಬಾಗಿಲಲ್ಲಿ ಮೊದಲು ಅತ್ತೆ ಕಂಡರು, ಹಿಂದೆ ಮಗುವನ್ನೆತ್ತಿಕೊಂಡ ಸೊಸೆ. ಅತ್ತೆ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, "ವಾರ ಕಳೆದು ಅಂದ್ರೆ ಯಾವತ್ತು? ಸರಿಯಾಗಿ ಹೇಳಮ್ಮ," ಎಂದರು. ಕ್ಯಾಲೆಂಡರಿನಲ್ಲಿ ದಿನಗಳನ್ನು ತೋರಿಸಿದೆ. ಒಳಗೆ ಮಗು ಒಮ್ಮೆ ಕಿರುಚಿ ಸುಮ್ಮನಾಯಿತು.

ಒಂಬತ್ತನೆಯ ದಿನ ಮೆಸೇಜಿನಲ್ಲಿದ್ದ ನಂಬರಿಗೆ ಅವರ ಮನೆಯಿಂದಲೇ ಫೋನ್. ನಾನೇ ಎತ್ತಿದೆ.

"ಮೈ ಬೆಚ್ಚಗಾಗಿದೆ," ಎಂದರು ಅತ್ತೆ. ದನಿಯಲ್ಲಿ ಪಂದ್ಯ ಗೆದ್ದವರ ಹುರುಪು. "ಹಾಲು ಕುಡೀತಿದೆ, ಆಡ್ತಿದೆ. ಸೊಸೆ ಗಾಬರಿಯಾಗಿದ್ಲು. 'ಇದು ಬರೋದೇ ಕಣೆ, ನಂಗೆ ಮೊದಲೇ ಗೊತ್ತು' ಅಂತ ಅವಳಿಗೆ ಹೇಳಿದೀನಿ."